ಮರಾಮತ್ತೋ, ದುರಸ್ತಿಯೋ?

ಕಾಮಾಕ್ಷಿಪಾಳ್ಯದ ಓಣಿಗಳಲ್ಲಿ ಒಮ್ಮೆಯಾದರೂ ನಡೆದವರಿಗೆ ಪವರ್ ಪ್ರೆಸ್ಸಿನ ಸದ್ದನ್ನು ವಿವರಿಸಬೇಕಾಗಿಲ್ಲ. ಬಸವೇಶ್ವರನಗರದ ಮನೆಗಳ ಬೆನ್ನಿಗೇ ಶುರುವಾಗಿ ಮಾಗಡಿ ರಸ್ತೆಯುದ್ದಕ್ಕೂ ಸುಂಕದಕಟ್ಟೆಯವರೆಗೆ ಚಾಚಿಕೊಂಡಿರುವ ಶೆಡ್ಡುಗಳು ಅವು. ತಗಡಿನ ಮಾಡು, ಅರ್ಧ ಎಳೆದ ಶಟರು, ಒಳಗೆ ಒಂದು ಲೇತು, ಎರಡು ಪ್ರೆಸ್ಸು, ಒಂದು ಡ್ರಿಲ್ಲಿಂಗ್ ಮಷೀನು, ಮೂಲೆಯಲ್ಲಿ ವೆಲ್ಡಿಂಗ್ ಸೆಟ್ಟು. ನಮ್ಮ ಮನೆಯ ಸ್ವಿಚ್ಚಿನೊಳಗಿನ ಹಿತ್ತಾಳೆಯ ಪಟ್ಟಿ, ಬೀರುವಿನ ಕೀಲು, ಸ್ಕೂಟರಿನ ಯಾವುದೋ ಒಂದು ವಾಷರು ಇಂತಹ ಜಾಗದಿಂದಲೇ ಬಂದಿರುತ್ತದೆ. ಅದು ನಮಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕೆಂದು ನಮಗೆ ಅನ್ನಿಸಿದ್ದೂ ಇಲ್ಲ.

ಈ ಶೆಡ್ಡುಗಳ ಯಂತ್ರಗಳಿಗೆ ವಯಸ್ಸಾಗಿದೆ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಇನ್ನೂ ಇಲ್ಲಿ ತಿರುಗುತ್ತಿವೆ, ಆ ಕಾರ್ಖಾನೆ ಮಾತ್ರ ಮುಚ್ಚಿ ಎರಡು ದಶಕಗಳೇ ಕಳೆದವು. ಜಾಲಹಳ್ಳಿಯಲ್ಲಿ 1953ರಲ್ಲಿ ಸ್ವಿಸ್ ಕಂಪೆನಿಯೊಂದರ ಸಹಯೋಗದಿಂದ ಹುಟ್ಟಿದ ಎಚ್.ಎಂ.ಟಿ.ಯ ಯಂತ್ರಗಳಿವೆ. ಅದರ ಗಡಿಯಾರಗಳಿಗೆ ಕಣ್ಣೀರು ಸುರಿಸಿದವರು ನಮ್ಮಲ್ಲಿ ಬಹಳ ಮಂದಿ. ಅದರ ಲೇತುಗಳನ್ನು ನೆನೆಯುವವರು ಈ ಓಣಿಗಳಲ್ಲಷ್ಟೇ ಸಿಗುತ್ತಾರೆ. ಪಂಜಾಬಿನ ಬಟಾಲಾದಿಂದ ಬಂದ ಅಗ್ಗದ ಲೇತುಗಳಿವೆ. ಯಾವ ಊರಿನವೆಂದು ಯಾರಿಗೂ ತಿಳಿಯದ, ಹೆಸರಿನ ಫಲಕ ಕಿತ್ತುಹೋದ ಪ್ರೆಸ್ಸುಗಳಂತೂ ಲೆಕ್ಕವಿಲ್ಲದಷ್ಟಿವೆ. ಒಂದು ಕಡೆ ಮುಚ್ಚಿದ ಕಾರ್ಖಾನೆಯ ಹರಾಜಿನಲ್ಲಿ ತೂಕದ ಲೆಕ್ಕಕ್ಕೆ ಬಂದು, ಇನ್ನೊಂದು ಕಡೆ ಬಣ್ಣ ಬಳಿಸಿಕೊಂಡು, ಮೂರನೆಯ ಕಡೆ ಕೆಲಸಕ್ಕೆ ನಿಂತಿರುವ ಯಂತ್ರಗಳು ಇವು. ಮಾಡಿದ ಕಂಪೆನಿಯೇ ಇಲ್ಲವೆಂದ ಮೇಲೆ ಬಿಡಿಭಾಗವನ್ನು ಯಾರ ಹತ್ತಿರ ಕೇಳುವುದು? ಮಾಲೀಕನೇ ಮೆಕ್ಯಾನಿಕ್ಕು, ಅವನೇ ಫಿಟ್ಟರು, ಅವನೇ ಇಂಜಿನಿಯರು.

ಯಂತ್ರ ಅವನದು, ಅದನ್ನು ಬಿಚ್ಚುವ ಹಕ್ಕು ಅವನದು, ಸರಿಪಡಿಸುವ ಹುನರ್ ಕೂಡ ಅವನದೇ. ಇಷ್ಟರ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ಹೀಗೆ ಸರಿಪಡಿಸಿದ ಯಂತ್ರದ ಕೆಳಗೆ ದಿನವಿಡೀ ಇರುವ ಕೈ ಅವನದಲ್ಲದಿದ್ದಾಗ, ‘ಇದು ಸರಿಯಾಗಿದೆ’ ಎಂದು ಹೇಳುವ ಅಧಿಕಾರ ಅವನೊಬ್ಬನಿಗೇ ಇರುತ್ತದೆಯೇ? ನಾವು ಇಲ್ಲಿ ಎತ್ತಬೇಕೆಂದಿರುವುದು ಈ ಒಂದು ಪ್ರಶ್ನೆಯನ್ನು.

ಮೊದಲು ಈ ಕೆಲಸದ ಸೊಗಸನ್ನು ಹೇಳಿಬಿಡಬೇಕು, ಯಾಕೆಂದರೆ ಅದನ್ನು ಕಂಡಿರದವರು ಇದನ್ನು ಬರೀ ಬಡತನದ ಕಥೆಯೆಂದು ತಿಳಿಯುತ್ತಾರೆ. ಹಳೆಯ ಲೇತಿನ ಬೆಡ್ಡು ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ. ಹೆಚ್ಚು ಕೆಲಸ ನಡೆಯುವುದು ಚಕ್ಕಿನ ಹತ್ತಿರ, ಆದ್ದರಿಂದ ಸವೆತವೂ ಅಲ್ಲೇ ಹೆಚ್ಚು. ಹಾಗೆ ಸವೆದ ಲೇತಿನಲ್ಲಿ ಉದ್ದನೆಯ ಶಾಫ್ಟು ತಿರುಗಿಸಿದರೆ ಅದು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು. ಇದನ್ನು ಸರಿಪಡಿಸಲು ಅನುಭವಿ ಫಿಟ್ಟರು ಸಮತಟ್ಟಾದ ಒಂದು ತಟ್ಟೆಗೆ ನೀಲಿ ಬಣ್ಣವನ್ನು ತೆಳ್ಳಗೆ ಸವರುತ್ತಾನೆ, ಅದನ್ನು ಬೆಡ್ಡಿನ ಮೇಲಿಟ್ಟು ಉಜ್ಜುತ್ತಾನೆ. ಎಲ್ಲೆಲ್ಲಿ ಉಬ್ಬಿದೆಯೋ ಅಲ್ಲಲ್ಲಿ ನೀಲಿ ಹತ್ತಿಕೊಳ್ಳುತ್ತದೆ. ಆ ನೀಲಿ ಚುಕ್ಕೆಗಳನ್ನು ಸ್ಕ್ರೇಪರಿನಿಂದ ಕೆರೆಯುತ್ತಾನೆ, ಮತ್ತೆ ನೀಲಿ ಹಚ್ಚುತ್ತಾನೆ, ಮತ್ತೆ ಕೆರೆಯುತ್ತಾನೆ. ಕೂದಲಿನ ದಪ್ಪಕ್ಕಿಂತಲೂ ಸಣ್ಣ ಲೆಕ್ಕದಲ್ಲಿ ನಡೆಯುವ ಕೆಲಸ ಇದು. ಹಲವು ದಿನ ಹಿಡಿಯುತ್ತದೆ. ಬುಷ್ ಸವೆದರೆ ಗನ್‌ಮೆಟಲ್ಲಿನಲ್ಲಿ ಹೊಸದನ್ನು ತಿರುಗಿಸಿಕೊಳ್ಳುತ್ತಾನೆ, ಅದೂ ಅದೇ ಲೇತಿನಲ್ಲಿ. ತನ್ನ ಅಂಗವನ್ನು ತಾನೇ ಮಾಡಿಕೊಡಬಲ್ಲ ಯಂತ್ರ ಬೇರೆ ಯಾವುದಿದೆ? ಕಥೆ ಬರೆಯುವ ನಮ್ಮಂಥವರಿಗೆ ಇದು ಅಸೂಯೆ ಹುಟ್ಟಿಸುವ ಸಂಗತಿ. ನಮ್ಮ ವಾಕ್ಯಗಳಲ್ಲಿ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ತೋರಿಸುವ ನೀಲಿ ಬಣ್ಣವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ.

ಈ ಕೆಲಸಕ್ಕೆ ನಮ್ಮ ಭಾಷೆಯಲ್ಲಿರುವ ಶಬ್ದಗಳನ್ನು ಒಮ್ಮೆ ನೋಡಬೇಕು. ‘ರಿಪೇರಿ’ ಇಂಗ್ಲಿಷಿನಿಂದ ಬಂದದ್ದು, ಎಲ್ಲರಿಗೂ ಗೊತ್ತು. ಅದಕ್ಕಿಂತ ಹಿಂದೆ ಕನ್ನಡಕ್ಕೆ ಬಂದು ನೆಲೆಸಿದ ಎರಡು ಶಬ್ದಗಳಿವೆ: ‘ಮರಾಮತ್ತು’ ಮತ್ತು ‘ದುರಸ್ತಿ’. ಮೊದಲನೆಯದು ಅರಬ್ಬಿ ಮೂಲದ್ದು. ಹಳೆಯ ಮೈಸೂರಿನಲ್ಲಿ ಇಂದಿನ ಲೋಕೋಪಯೋಗಿ ಇಲಾಖೆಯನ್ನು ಮರಾಮತ್ತು ಇಲಾಖೆ ಎಂದೇ ಕರೆಯುತ್ತಿದ್ದರು. ಸೇತುವೆ, ಕಟ್ಟಡ, ರಸ್ತೆ ಕಟ್ಟುವ ಇಲಾಖೆಗೆ ‘ಕಟ್ಟುವ’ ಹೆಸರಿಡದೆ ‘ಕಾಪಾಡುವ’ ಹೆಸರಿಟ್ಟಿದ್ದ ಆ ಕಾಲದ ವಿವೇಕದ ಬಗ್ಗೆ ಬೇರೆಯೇ ಒಂದು ಲೇಖನ ಬರೆಯಬಹುದು. ಎರಡನೆಯದು ಪಾರಸಿಯಿಂದ ಬಂದದ್ದು. ಉರ್ದು ಓದಿದವರಿಗೆ ‘ದುರುಸ್ತ್’ ಎಂದರೆ ಸರಿಯಾದದ್ದು, ದೋಷವಿಲ್ಲದ್ದು. ಉರ್ದು ಕ್ಲಾಸಿನಲ್ಲಿ ನಮ್ಮ ಇಮ್ಲಾ ತಿದ್ದುತ್ತಿದ್ದ ಉಸ್ತಾದರು ತಪ್ಪಿಲ್ಲದ ಹಾಳೆಯನ್ನು ವಾಪಸು ಕೊಡುವಾಗ ಹೇಳುತ್ತಿದ್ದದ್ದು ಇದೇ ಶಬ್ದ. ಕನ್ನಡದಲ್ಲಿ ಇವೆರಡೂ ಇಂದು ಒಂದೇ ಅರ್ಥದಲ್ಲಿ ಬಳಕೆಯಾಗುತ್ತವೆ. ಆದರೂ ನಮ್ಮ ಚರ್ಚೆಯ ಅನುಕೂಲಕ್ಕೆ ಇವನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳೋಣ. ನಿಂತ ಯಂತ್ರ ಮತ್ತೆ ಓಡುವಂತೆ ಮಾಡುವುದು ಮರಾಮತ್ತು. ಅದು ಹೇಗೆ ಓಡಬೇಕೋ ಹಾಗೆಯೇ ಓಡುವಂತೆ ಮಾಡುವುದು ದುರಸ್ತಿ.

ಲೇತಿನ ವಿಷಯದಲ್ಲಿ ಈ ಎರಡರ ನಡುವಿನ ಅಂತರ ದುಬಾರಿಯದ್ದಲ್ಲ. ಬೆಡ್ಡನ್ನು ಸರಿಯಾಗಿ ಕೆರೆಯದಿದ್ದರೆ ಮಾಲು ಕೆಡುತ್ತದೆ, ಗಿರಾಕಿ ವಾಪಸು ಕಳಿಸುತ್ತಾನೆ, ಮಾಲೀಕನಿಗೆ ನಷ್ಟ. ತಪ್ಪು ಯಾರದೋ ನಷ್ಟವೂ ಅವರದೇ. ಪವರ್ ಪ್ರೆಸ್ಸಿನ ಹತ್ತಿರ ಬಂದಾಗ ಲೆಕ್ಕ ಬದಲಾಗುತ್ತದೆ.

ಹಳೆಯ ಮಾದರಿಯ ಪ್ರೆಸ್ಸು ಕೆಲಸ ಮಾಡುವ ಬಗೆ ಹೀಗಿದೆ. ಮೇಲೆ ಭಾರಿ ಗಾತ್ರದ ಒಂದು ಗಾಲಿ ಮೋಟಾರಿನ ಬಲದಿಂದ ಸದಾ ತಿರುಗುತ್ತಲೇ ಇರುತ್ತದೆ. ಕೆಲಸಗಾರ ತಗಡನ್ನು ಡೈಯ ಮೇಲಿಟ್ಟು ಕಾಲಿನಿಂದ ಪೆಡಲ್ ಒತ್ತಿದಾಗ, ಗಾಲಿಯ ಹೊಟ್ಟೆಯಲ್ಲಿರುವ ಒಂದು ಕೀ ಹೊರಳಿ ಶಾಫ್ಟಿಗೂ ಗಾಲಿಗೂ ಗಂಟು ಹಾಕುತ್ತದೆ. ಶಾಫ್ಟು ಒಂದೇ ಒಂದು ಸುತ್ತು ಸುತ್ತುತ್ತದೆ, ಮೇಲಿನ ಪಂಚು ಟನ್ನುಗಟ್ಟಲೆ ಬಲದಿಂದ ಇಳಿದು ತಗಡನ್ನು ಕತ್ತರಿಸಿ ಮೇಲೆ ಹೋಗುತ್ತದೆ. ಆಗ ಒಂದು ಸ್ಪ್ರಿಂಗು ಕೀಯನ್ನು ಹಿಂದಕ್ಕೆಳೆದು ಗಂಟು ಬಿಡಿಸುತ್ತದೆ, ಪಂಚು ಮೇಲೆಯೇ ನಿಲ್ಲುತ್ತದೆ. ಆ ಅರೆಕ್ಷಣದಲ್ಲಿ ಕೆಲಸಗಾರ ಕೈ ಒಳಗೆ ಹಾಕಿ ಕತ್ತರಿಸಿದ ತುಂಡನ್ನು ತೆಗೆದು ಹೊಸ ತಗಡು ಇಡಬೇಕು. ದಿನಕ್ಕೆ ಸಾವಿರಾರು ಸಲ. ಅವನ ಕೈಗೂ ಆ ಭಾರಕ್ಕೂ ನಡುವೆ ಇರುವುದು ಅಂಗೈಯಗಲದ ಒಂದು ಕೀ, ಕಿರುಬೆರಳಿನಷ್ಟು ಉದ್ದದ ಒಂದು ಸ್ಪ್ರಿಂಗು.

ಕೀಯ ಅಂಚು ಸವೆದರೆ, ಸ್ಪ್ರಿಂಗಿನ ಬಿಗಿ ಹೋದರೆ, ಗಂಟು ಬಿಡಿಸಿಕೊಳ್ಳುವುದಿಲ್ಲ. ಪೆಡಲ್ ಒತ್ತದಿದ್ದರೂ ಪಂಚು ಎರಡನೇ ಸಲ ಇಳಿಯುತ್ತದೆ. ಆಗ ಕೈ ಎಲ್ಲಿರುತ್ತದೆಂದು ಹೇಳಬೇಕಾಗಿಲ್ಲ.

ಇಂತಹ ಕೀ ಸವೆದಾಗ ಮಾಲೀಕನ ಎದುರು ಎರಡು ದಾರಿಗಳಿರುತ್ತವೆ. ಒಳ್ಳೆಯ ಉಕ್ಕು ತಂದು ಹೊಸ ಕೀ ಮಾಡಿಸಿ, ಅದನ್ನು ಹದವಾಗಿ ಕಾಯಿಸಿ ಗಟ್ಟಿಗೊಳಿಸಿ ಹಾಕುವುದು ಒಂದು. ಇದಕ್ಕೆ ಎರಡು ಮೂರು ದಿನ ಪ್ರೆಸ್ಸು ನಿಲ್ಲಬೇಕು. ಹಳೆಯ ಕೀಗೇ ವೆಲ್ಡಿಂಗ್ ತುಂಬಿಸಿ, ಉಜ್ಜಿ, ಅದೇ ಆಕಾರಕ್ಕೆ ತಂದು ಸಂಜೆಯೊಳಗೆ ಓಡಿಸುವುದು ಇನ್ನೊಂದು. ವೆಲ್ಡಿಂಗ್ ಮಾಡಿದ ಕೀ ನೋಡಲು ಹೊಸದರಂತೆಯೇ ಇರುತ್ತದೆ. ಆದರೆ ಗಟ್ಟಿಗೊಳಿಸಿದ ಉಕ್ಕಿಗೆ ಹಾಗೆಯೇ ಬೆಂಕಿ ತಾಗಿಸಿದಾಗ ಬೆಸುಗೆಯ ಪಕ್ಕದ ಪಟ್ಟಿ ಗಾಜಿನಂತೆ ಪೆಡಸಾಗುತ್ತದೆ, ಒಳಗೆ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಅದು ವಾರ ಓಡಬಹುದು, ವರ್ಷ ಓಡಬಹುದು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ವೆಲ್ಡಿಂಗ್ ಮಾಡಿಸುವ ಮಾಲೀಕ ದುಷ್ಟನಲ್ಲ. ಅವನಲ್ಲಿ ಬಹುಪಾಲು ಮಂದಿ ಹದಿನಾಲ್ಕನೇ ವಯಸ್ಸಿಗೇ ಯಾರದೋ ಶೆಡ್ಡಿಗೆ ಚೇಲಾ ಆಗಿ ಸೇರಿದವರು, ಹೆಂಡತಿಯ ಒಡವೆ ಅಡವಿಟ್ಟು ಮೊದಲ ಯಂತ್ರ ಕೊಂಡವರು. ದೊಡ್ಡ ಕಂಪೆನಿ ಆರ್ಡರು ಕೊಟ್ಟು ಮೂರು ತಿಂಗಳ ಮೇಲೆ ಹಣ ಕೊಡುತ್ತದೆ, ಮಾಲು ತಡವಾದರೆ ಮಾತ್ರ ಮರುದಿನವೇ ಫೋನು. ಶೆಡ್ಡಿನ ಬಾಡಿಗೆ, ವಿದ್ಯುತ್ ಬಿಲ್ಲು, ಶನಿವಾರದ ಬಟವಾಡೆ. ಅಂತಹವನಿಗೆ ಎರಡು ದಿನ ಪ್ರೆಸ್ಸು ನಿಲ್ಲಿಸು ಎನ್ನುವುದು ಪುಕ್ಕಟೆ ಉಪದೇಶದಂತೆ ಕೇಳಿಸುತ್ತದೆ. ನಾವು ಕಂಡ ಒಬ್ಬ ಮಾಲೀಕರು ಐವತ್ತು ಟನ್ನಿನ ತಮ್ಮ ಪ್ರೆಸ್ಸಿನ ಕಂಬಕ್ಕೆ ಪ್ರೀತಿಯಿಂದ ತಟ್ಟುತ್ತ ಹೇಳಿದ್ದರು: “ನೋಡಿ ಸಾಬ್, ನನಗಿಂತ ದೊಡ್ಡೋನು ಇವನು. ನನಗೆ ಶುಗರ್ ಬಂತು, ಬಿ.ಪಿ. ಬಂತು. ಇವನಿಗೆ ಏನೂ ಇಲ್ಲ.” ಆ ಹೆಮ್ಮೆ ಸುಳ್ಳಾಗಿರಲಿಲ್ಲ. ತಮ್ಮ ಕೈಯಿಂದ ಅದರ ಒಂದೊಂದು ಬೋಲ್ಟನ್ನೂ ಬಿಚ್ಚಿ ಹಾಕಿದವರು ಅವರು. ಕೀ ಬದಲಾಯಿಸಿದ ದಿನ ಮೊದಲ ನೂರು ಪೆಟ್ಟುಗಳನ್ನು ತಾವೇ ಕುಳಿತು ಹೊಡೆಯುತ್ತಾರಂತೆ. “ಹುಡುಗರ ತಾಯಿಗೆ ನಾನು ಜವಾಬು ಕೊಡಬೇಕಲ್ಲ” ಎಂದರು. ಈ ಕ್ರಮದಲ್ಲಿ ಒಂದು ನ್ಯಾಯವಿದೆ, ಅದನ್ನು ನಾವು ಮೆಚ್ಚುತ್ತೇವೆ. ಆದರೆ ಕೀ ಮುರಿಯುವುದು ನೂರನೇ ಪೆಟ್ಟಿಗೋ, ಒಂದು ಲಕ್ಷದ ಪೆಟ್ಟಿಗೋ? ಒಂದು ಲಕ್ಷದ ಪೆಟ್ಟಿನ ಹೊತ್ತಿಗೆ ಸ್ಟೂಲಿನ ಮೇಲೆ ಕುಳಿತಿರುವುದು ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದ, ಊರಿಗೆ ತಿಂಗಳು ತಿಂಗಳು ದುಡ್ಡು ಕಳಿಸುವ ಒಬ್ಬ ಹುಡುಗ. ಮಾಲೀಕರ ಧೈರ್ಯ ಅವನ ಕೈಯನ್ನು ಕಾಯುವುದಿಲ್ಲ.

ಆ ಹುಡುಗನ ಬೆರಳುಗಳಿಗೆ ಕಾನೂನು ಬೆಲೆ ಕಟ್ಟಿದೆ. 1923ರ ಕಾರ್ಮಿಕ ಪರಿಹಾರ ಕಾಯಿದೆ ತನ್ನ ಮೊದಲನೇ ಪಟ್ಟಿಯಲ್ಲಿ ಯಾವ ಅಂಗ ಹೋದರೆ ಗಳಿಕೆಯ ಶಕ್ತಿ ಎಷ್ಟು ಹೋಯಿತೆಂದು ಬರೆದಿಟ್ಟಿತು. ಹೆಬ್ಬೆರಳು ಹೋದರೆ ಶೇ. 30. ತೋರುಬೆರಳು ಪೂರ್ತಿ ಹೋದರೆ ಶೇ. 14, ಮೂಳೆಗೆ ತಾಗದಂತೆ ತುದಿಯಷ್ಟೇ ಹೋದರೆ ಶೇ. 5. ನಡುಬೆರಳಿಗೆ ಶೇ. 12. ಉಂಗುರದ ಬೆರಳಿಗೂ ಕಿರುಬೆರಳಿಗೂ ತಲಾ ಶೇ. 7. ಒಂದು ಕೈಯ ನಾಲ್ಕು ಬೆರಳುಗಳು ಒಟ್ಟಿಗೆ ಹೋದರೆ ಶೇ. 50. ಈ ಪಟ್ಟಿಯನ್ನು ಮೊದಲು ಓದಿದಾಗ ಮೈ ಜುಮ್ಮೆನ್ನುತ್ತದೆ, ಕಸಾಯಿಖಾನೆಯ ದರಪಟ್ಟಿಯಂತೆ ಕಾಣುತ್ತದೆ. ಆದರೆ ಈ ಪಟ್ಟಿ ಇಲ್ಲದಿದ್ದ ಕಾಲದಲ್ಲಿ ಬೆರಳಿಗೆ ಬೆಲೆಯೇ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ನಿರ್ದಯವಾಗಿ ಕಾಣುವ ಆ ಲೆಕ್ಕವೇ ಎಷ್ಟೋ ಸಂಸಾರಗಳನ್ನು ಬೀದಿಪಾಲಾಗದಂತೆ ಉಳಿಸಿದೆ. ಇ.ಎಸ್.ಐ. ಕಾರ್ಡಿದ್ದವರಿಗೆ ಹತ್ತಿರದಲ್ಲೇ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಿದೆ. ಕಾರ್ಡಿಲ್ಲದವರ ಮಾತೇ ಬೇರೆ.

ಕಾರ್ಡಿಲ್ಲದವರು ಯಾಕಿದ್ದಾರೆ? 1948ರ ಕಾರ್ಖಾನೆ ಕಾಯಿದೆ ವಿದ್ಯುತ್ ಬಳಸುವ ಜಾಗದಲ್ಲಿ ಹತ್ತು ಮಂದಿ ಕೆಲಸಗಾರರಿದ್ದರೆ ಮಾತ್ರ ಅದನ್ನು ಕಾರ್ಖಾನೆಯೆಂದು ಒಪ್ಪುತ್ತಿತ್ತು. ಯಂತ್ರದ ಅಪಾಯಕಾರಿ ಭಾಗಗಳಿಗೆ ತಡೆ ಇರಬೇಕೆಂಬ ಅದರ ನಿಯಮ ಹತ್ತನೆಯ ಮನುಷ್ಯ ಬಾಗಿಲೊಳಗೆ ಕಾಲಿಟ್ಟ ಮೇಲೆ ಜೀವ ತಳೆಯುತ್ತಿತ್ತು. ನಮ್ಮ ಶೆಡ್ಡುಗಳಲ್ಲಿ ಸಾಮಾನ್ಯವಾಗಿ ಇರುವವರು ಐದೋ ಆರೋ ಮಂದಿ. 2020ರಲ್ಲಿ ಸಂಸತ್ತು ಒಪ್ಪಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಈ ಹತ್ತು ಇಪ್ಪತ್ತಾಯಿತು. ಸಣ್ಣ ಉದ್ಯಮಕ್ಕೆ ಇನ್‌ಸ್ಪೆಕ್ಟರುಗಳ ಕಾಟ ತಪ್ಪಲಿ ಎಂಬುದು ಇದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಕಾಟವಿದ್ದದ್ದು ನಿಜ. ಆದರೆ ಪ್ರೆಸ್ಸಿಗೆ ಎಣಿಕೆ ಬರುವುದಿಲ್ಲವಲ್ಲ! ಹತ್ತೊಂಬತ್ತು ಮಂದಿಯಿರುವ ಶೆಡ್ಡಿನಲ್ಲೂ ಅದರ ಪಂಚು ಅಷ್ಟೇ ಭಾರದಿಂದ ಇಳಿಯುತ್ತದೆ. ಕಾನೂನಿನ ಕಣ್ಣು ಹಾಯದ ಜಾಗದಲ್ಲಿ ಉಳಿಯುವುದು ಮಾಲೀಕನ ಅಂತಃಕರಣ ಒಂದೇ. ಅದಕ್ಕೇ ಇದು ನಮಗೆ ಕಾನೂನಿನ ಪ್ರಶ್ನೆಗಿಂತ ಹೆಚ್ಚಾಗಿ ನೈತಿಕ ಪ್ರಶ್ನೆಯಾಗಿ ಕಾಣುತ್ತದೆ.

ಹಾಗಾದರೆ ಹಳೆಯ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿ ಹೊಸದನ್ನೇ ಕೊಳ್ಳಬೇಕೆ, ಕಂಪೆನಿಯವರೇ ಬಂದು ರಿಪೇರಿ ಮಾಡಲಿ ಎಂದು ಕಾಯಬೇಕೆ? ಹೀಗೆ ವಾದಿಸುವವರಿದ್ದಾರೆ. ಅವರ ವಾದವನ್ನು ಪರೀಕ್ಷಿಸಲು ಕಾಮಾಕ್ಷಿಪಾಳ್ಯದಿಂದ ಮೈಸೂರು ರಸ್ತೆಗೆ ಬಂದರೆ ಸಾಕು. ಬ್ಯಾಟರಾಯನಪುರದಿಂದ ಕೆಂಗೇರಿಯ ಕಡೆಗೆ ಲಾರಿ ಗ್ಯಾರೇಜುಗಳು ಸಾಲಾಗಿದ್ದ ಕಾಲವೊಂದಿತ್ತು, ಈಗಲೂ ಅಲ್ಲಲ್ಲಿ ಉಳಿದಿವೆ. ಹಳೆಯ ಲಾರಿಯ ಡೀಸೆಲ್ ಪಂಪನ್ನು ಬಿಚ್ಚಿ ಜೋಡಿಸುವುದು ಅಲ್ಲಿನ ಉಸ್ತಾದರಿಗೆ ಕಣ್ಣು ಮುಚ್ಚಿ ಮಾಡುವ ಕೆಲಸ. ಆ ಪಂಪುಗಳಲ್ಲಿ ಹೆಚ್ಚಿನವು ಇದೇ ಬೆಂಗಳೂರಿನ ಆಡುಗೋಡಿಯಲ್ಲಿ 1950ರ ದಶಕದಿಂದ ಕೆಲಸ ಮಾಡಿಕೊಂಡು ಬಂದ ಮೈಕೋ ಕಂಪೆನಿಯವು. 2008ರಲ್ಲಿ ಆ ಕಂಪೆನಿಯ ಹೆಸರು ಬಾಷ್ ಎಂದಾದರೂ ಗ್ಯಾರೇಜುಗಳಲ್ಲಿ ‘ಮೈಕೋ ಪಂಪು’ ಮೈಕೋ ಪಂಪಾಗಿಯೇ ಉಳಿಯಿತು. 2017ರ ಏಪ್ರಿಲಿನಲ್ಲಿ ಬಿ.ಎಸ್. 4, 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮಗಳು ದೇಶಾದ್ಯಂತ ಬಂದ ಮೇಲೆ ಹೊಸ ಲಾರಿಗಳ ಇಂಜಿನ್ನು ಕಂಪ್ಯೂಟರಿನ ಅಂಕೆಗೆ ಒಳಪಟ್ಟಿತು. ಹೊಗೆ ಕಡಿಮೆಯಾಯಿತು, ಅದು ಒಳ್ಳೆಯದೇ. ಮೈಸೂರು ರಸ್ತೆಯ ಹೊಗೆ ಕುಡಿದು ಬೆಳೆದವರು ಅದನ್ನು ಬೇಡವೆನ್ನಲಾರರು. ಆದರೆ ದೋಷ ಎಲ್ಲಿದೆಯೆಂದು ಹೇಳುವ ಸ್ಕ್ಯಾನರು, ಅದರೊಳಗಿನ ತಂತ್ರಾಂಶ, ಅದನ್ನು ತೆರೆಯುವ ಗುಪ್ತಪದ ಎಲ್ಲ ಕಂಪೆನಿಯ ಕೈಯಲ್ಲಿ. ಮೂವತ್ತು ವರ್ಷ ಕಿವಿಯಿಂದಲೇ ಇಂಜಿನ್ನಿನ ರೋಗ ಹೇಳುತ್ತಿದ್ದ ಉಸ್ತಾದರು ಈಗ ಲ್ಯಾಪ್‌ಟಾಪು ಹಿಡಿದ ಇಪ್ಪತ್ತೆರಡರ ಹುಡುಗನ ದಾರಿ ಕಾಯಬೇಕು.

ಇದು ನಮ್ಮೂರಿನ ಗೋಳಷ್ಟೇ ಅಲ್ಲ. ಅಮೆರಿಕದ ರೈತರು ತಮ್ಮ ಸ್ವಂತ ಟ್ರ್ಯಾಕ್ಟರನ್ನು ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಕೊಲರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳಿಗಾಗಿಯೇ ಇಂತಹ ಕಾನೂನು ಮಾಡಿತು. 2025ರ ಜನವರಿಯಲ್ಲಿ ಅಲ್ಲಿನ ಕೇಂದ್ರ ಸರಕಾರದ ವ್ಯಾಪಾರ ಆಯೋಗವೇ ಜಾನ್ ಡೀರ್ ಕಂಪೆನಿಯ ಮೇಲೆ ಇದೇ ವಿಷಯಕ್ಕೆ ಮೊಕದ್ದಮೆ ಹೂಡಿತು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈಯಲ್ಲಿ ಒಂದು ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಜಾಲತಾಣವೊಂದನ್ನು ತೆರೆಯಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ವಸ್ತು, ವಾಹನ ಈ ನಾಲ್ಕು ವಲಯಗಳು ಅದರಲ್ಲಿವೆ. ಕಾಮಾಕ್ಷಿಪಾಳ್ಯದ ಲೇತು, ಪ್ರೆಸ್ಸುಗಳು ಆ ನಾಲ್ಕರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಕಂಪೆನಿಗಳು ಬೀಗ ಹಾಕುವುದಕ್ಕೆ ಕೊಡುವ ಕಾರಣ ಸುರಕ್ಷತೆ. ನೀವು ಬಿಚ್ಚಿದರೆ ಅಪಾಯ, ಆದ್ದರಿಂದ ನಾವೇ ಬಿಚ್ಚುತ್ತೇವೆ, ಇದೋ ಬಿಲ್ಲು. ಲಾಭದ ಮಾತನ್ನು ಕಾಳಜಿಯ ಬಟ್ಟೆಯಲ್ಲಿ ಸುತ್ತಿ ಕೊಡುವ ಈ ಬಗೆ ನಮಗೆ ಹೊಸದಲ್ಲ. ಆದರೂ ಕಂಪೆನಿಯ ಬಾಯಲ್ಲಿ ಬಂದಿತೆಂಬ ಕಾರಣಕ್ಕೇ ಆ ಮಾತು ಪೂರ್ತಿ ಸುಳ್ಳಾಗಿಬಿಡುವುದಿಲ್ಲ. ವೆಲ್ಡಿಂಗ್ ಮಾಡಿದ ಕೀಯ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ರಿಪೇರಿ ಮಾಡುವ ಹಕ್ಕಿಗಾಗಿ ವಾದಿಸುವವರು, ಅವರಲ್ಲಿ ನಾವೂ ಸೇರಿದ್ದೇವೆ, ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಸ್ವಂತ ಮೊಬೈಲನ್ನು ಬಿಚ್ಚುವವನಿಗೂ ಹತ್ತು ಮಂದಿ ಅಡಿಯಲ್ಲಿ ನಿಲ್ಲುವ ಕ್ರೇನಿನ ಬ್ರೇಕನ್ನು ಬಿಚ್ಚುವವನಿಗೂ ಒಂದೇ ಅಳತೆಯ ಸ್ವಾತಂತ್ರ್ಯ ಇರಲು ಸಾಧ್ಯವಿಲ್ಲ.

ಇನ್ನು ವಯಸ್ಸಿನ ಮಾತು. 2021ರ ಆಗಸ್ಟಿನಲ್ಲಿ ಬಂದ ಗುಜರಿ ನೀತಿಯ ನಂತರ ಹದಿನೈದು ಎಂಬ ಸಂಖ್ಯೆಗೆ ಒಂದು ಬಗೆಯ ಪಾವಿತ್ರ್ಯ ಬಂದಿದೆ. ಹದಿನೈದು ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ 2023ರ ಏಪ್ರಿಲಿನಿಂದ ನವೀಕರಣವಾಗುವುದಿಲ್ಲ. ವಾಹನ ಹೇಗಿದೆ ಎಂದು ನೋಡುವ ಬದಲು ಹುಟ್ಟಿದ ವರ್ಷ ನೋಡುವುದು ಸರಕಾರಕ್ಕೆ ಸುಲಭ. ಆದರೆ ವಯಸ್ಸೇ ದೋಷವಾಗಿದ್ದರೆ ಶಿವನಸಮುದ್ರಕ್ಕೆ ಏನು ಹೇಳುವುದು? 1902ರಲ್ಲಿ ಅಲ್ಲಿಂದ 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೊರಟಿತು, 1905ರಲ್ಲಿ ನಮ್ಮ ಬೆಂಗಳೂರಿಗೆ ಬಂತು. ಒಳಗಿನ ಯಂತ್ರಗಳು ಬದಲಾಗಿವೆ, ಭಾಗಗಳು ಬದಲಾಗಿವೆ. ಆ ಕೇಂದ್ರ ಇಂದಿಗೂ ವಿದ್ಯುತ್ ಕೊಡುತ್ತಿದೆ. ಅಲ್ಲಿ ಪಾಳಿಯಿದೆ, ಪುಸ್ತಕವಿದೆ, ಯಾರು ಯಾವಾಗ ಏನು ಬಿಚ್ಚಿದರೆಂಬ ದಾಖಲೆಯಿದೆ.

ಆ ವಿದ್ಯುತ್ ಹೋಗಿ ತಲುಪುತ್ತಿದ್ದ ಕೋಲಾರದ ಗಣಿಯಲ್ಲಿ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಉತ್ತರವೊಂದಿತ್ತು. ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಮನುಷ್ಯರನ್ನು ಇಳಿಸಿ ಏರಿಸುತ್ತಿದ್ದ ಗಣಿ ಅದು. 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿಗಳ ನಿಯಮದಂತೆ ಆ ತೊಟ್ಟಿಲನ್ನು ಹಿಡಿದ ಉಕ್ಕಿನ ಹಗ್ಗವನ್ನು ಅದಕ್ಕೆಂದೇ ನೇಮಕವಾದ ಒಬ್ಬ ಅರ್ಹ ವ್ಯಕ್ತಿ ದಿನವೂ ಪರೀಕ್ಷಿಸಬೇಕು, ಪರೀಕ್ಷಿಸಿ ಹಾಳೆ ಕೀಳಲಾಗದಂತೆ ಹೊಲಿದ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಹಗ್ಗದ ಯೋಗ್ಯತೆ ಅದನ್ನು ಓಡಿಸುವವನ ಮನಸ್ಸಿನಲ್ಲಷ್ಟೇ ಉಳಿಯುವಂತಿಲ್ಲ. ಕೆಳಗಿಳಿಯುವವನು ಕೇಳಿದರೆ ತೋರಿಸಲು ಒಂದು ಹೆಸರು, ಒಂದು ತಾರೀಖು ಇರಬೇಕು. ನಮ್ಮ ಶೆಡ್ಡುಗಳ ವೆಲ್ಡಿಂಗಿಗೆ ಇಲ್ಲದ್ದು ಇದೇ. ಅದನ್ನು ಮಾಡಿದವನ ಹೆಸರು ಎಲ್ಲೂ ಇರುವುದಿಲ್ಲ. ಮಾಡಿಸಿದವನ ನೆನಪಿನಲ್ಲಿರುತ್ತದೆ, ಆ ನೆನಪಿಗೂ ವಯಸ್ಸಾಗುತ್ತದೆ.

ಒಂದು ನೋಟ್‌ಬುಕ್ಕಿನಿಂದ ಬೆರಳು ಉಳಿಯುತ್ತದೆಯೇ ಎಂದು ಓದುಗರು ಕೇಳಬಹುದು. ನೋಟ್‌ಬುಕ್ಕು ಪಂಚನ್ನು ಹಿಡಿದು ನಿಲ್ಲಿಸುವುದಿಲ್ಲ. ಆದರೆ ‘ಕೀಗೆ ವೆಲ್ಡಿಂಗ್ ಮಾಡಿದೆ’ ಎಂದು ತನ್ನ ಕೈಯಾರೆ ಬರೆದು, ಅದರ ಕೆಳಗೆ ಹೆಸರು ಹಾಕಿ, ಅದನ್ನು ಸ್ಟೂಲಿನ ಮೇಲೆ ಕೂರುವ ಹುಡುಗನಿಗೆ ಓದಿ ಹೇಳಬೇಕಾಗಿ ಬಂದರೆ ಎಷ್ಟು ಮಾಲೀಕರು ವೆಲ್ಡಿಂಗ್ ಮಾಡಿಸಿಯಾರು? ಮನುಷ್ಯ ತನಗೆ ತಾನೇ ಹೇಳಿಕೊಳ್ಳಬಲ್ಲ ಎಷ್ಟೋ ಸಮಾಧಾನಗಳನ್ನು ಇನ್ನೊಬ್ಬನ ಮುಖ ನೋಡಿ ಹೇಳಲಾರ. ಹುಡುಗನಿಗೂ ಒಂದು ಹಕ್ಕು ಬೇಕು. ಪಂಚು ಒಂದು ಸಲ ತಾನಾಗಿ ಇಳಿದರೆ ಎದ್ದು ನಿಂತು, ಇದನ್ನು ದುರಸ್ತಿ ಮಾಡುವವರೆಗೆ ನಾನು ಕೂರುವುದಿಲ್ಲ ಎನ್ನುವ ಹಕ್ಕು, ಹಾಗೆಂದ ಮೇಲೂ ಶನಿವಾರ ಪೂರ್ತಿ ಸಂಬಳ ಪಡೆಯುವ ಹಕ್ಕು. ತುಂಡಿಗಿಷ್ಟು ಎಂದು ಕೂಲಿ ಪಡೆಯುವವನು ಈ ಮಾತಾಡಲಾರ. ಕೈಗೆ ಅಡ್ಡಬರುವ ತಡೆಯನ್ನು ಅವನೇ ಬಿಚ್ಚಿ ಪಕ್ಕಕ್ಕಿಡುವುದುಂಟು, ಯಾಕೆಂದರೆ ತಡೆಯಿದ್ದರೆ ತುಂಡುಗಳು ಕಡಿಮೆ. ಎರಡೂ ಕೈಗಳಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಇಳಿಯುವ ಪ್ರೆಸ್ಸಿನಲ್ಲಿ ಒಂದು ಗುಂಡಿಗೆ ಕಡ್ಡಿ ಸಿಕ್ಕಿಸಿಟ್ಟಿರುವುದನ್ನೂ ಕಾಣಬಹುದು. ಅದನ್ನು ಕಂಡು ‘ಇವರಿಗೇ ಬೇಡವಾದರೆ ನಾವೇನು ಮಾಡೋಣ’ ಎನ್ನುವ ಮಾಲೀಕರು, ತುಂಡಿನ ಲೆಕ್ಕದ ಕೂಲಿಯನ್ನು ಗೊತ್ತುಮಾಡಿದವರು ಯಾರೆಂಬುದನ್ನು ಮರೆಯುತ್ತಾರೆ.

ನಮ್ಮ ಮಂದಿ ‘ಜುಗಾಡ್’ ಎಂಬ ಶಬ್ದವನ್ನು ಈಚೆಗೆ ಬಹಳ ಮೆರೆಸಿದ್ದಾರೆ. ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಅದರ ಮೇಲೆ ಭಾಷಣಗಳಾಗುತ್ತವೆ. ಇಲ್ಲದವನ ಜಾಣ್ಮೆಯನ್ನು ಉಳ್ಳವರು ಹೊಗಳುವಾಗ ನಮಗೆ ಸ್ವಲ್ಪ ಗುಮಾನಿ ಬರುತ್ತದೆ. ಆ ಜಾಣ್ಮೆಯಿಂದ ಅಗ್ಗವಾದ ಮಾಲು ಕೊನೆಗೆ ಹೋಗುವುದು ಅವರ ಕಾರ್ಖಾನೆಗೇ. ಬಿಡಿಭಾಗದ ಬೆಲೆಯನ್ನು ಪೈಸೆ ಪೈಸೆ ಚೌಕಾಶಿ ಮಾಡಿ ಇಳಿಸಿದ ದೊಡ್ಡ ಕಂಪೆನಿ, ಆ ಪೈಸೆಗಳಲ್ಲಿ ಒಂದು ಹೊಸ ಕೀಯ ಬೆಲೆಯೂ ಸೇರಿತ್ತೆಂದು ಎಲ್ಲೂ ಬರೆದುಕೊಳ್ಳುವುದಿಲ್ಲ. ತನ್ನ ಕಾಂಪೌಂಡಿನ ಒಳಗೆ ಹೆಲ್ಮೆಟ್ಟು, ಹಳದಿ ಪಟ್ಟೆ, ಸುರಕ್ಷತಾ ಸಪ್ತಾಹ ಎಲ್ಲ ಇಟ್ಟುಕೊಂಡಿರುವ ಆ ಕಂಪೆನಿಗೂ ಈ ಕೈಯ ಲೆಕ್ಕದಲ್ಲಿ ಪಾಲಿದೆ. ಮೂರು ತಿಂಗಳಿಗೆ ಕೊಡುವ ಹಣವನ್ನು ಮೂರು ವಾರಕ್ಕೆ ಕೊಟ್ಟರೆ ಎಷ್ಟೋ ಪ್ರೆಸ್ಸುಗಳಿಗೆ ಎರಡು ದಿನ ನಿಲ್ಲುವ ಯೋಗ ಬರುತ್ತದೆ.

ಕೊನೆಯದಾಗಿ ಮಾರಾಟದ ವಿಷಯ. ಮಕ್ಕಳು ಯಾರೂ ಈ ಕಸುಬಿಗೆ ಬರುವುದಿಲ್ಲವೆಂದು ಗೊತ್ತಾದ ಮೇಲೆ ಶೆಡ್ಡುಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಯಂತ್ರಗಳು ಮಾತ್ರ ಸಾಯುವುದಿಲ್ಲ. ಪ್ರೆಸ್ಸಿಗೆ ಹಸಿರು ಬಣ್ಣದ ಹೊಸ ಕೋಟು ಬೀಳುತ್ತದೆ, ಅದು ಲಾರಿ ಹತ್ತಿ ಲಗ್ಗೆರೆಗೋ ತುಮಕೂರಿಗೋ ಹೊರಡುತ್ತದೆ. ಮಾರುವ ಸರಕಿನ ಐಬನ್ನು ಕೊಳ್ಳುವವನಿಗೆ ಹೇಳಿಯೇ ಮಾರಬೇಕೆಂಬುದು ನಾವು ಮದರಸದಲ್ಲಿ ಕಲಿತ ಮೊದಲ ಪಾಠಗಳಲ್ಲೊಂದು. ‘ಐಬು’ ಎಂಬ ಶಬ್ದ ಕನ್ನಡದಲ್ಲಿ ಎಷ್ಟು ಬೆರೆತಿದೆಯೆಂದರೆ ಅದು ಅರಬ್ಬಿಯದೆಂದು ಯಾರೂ ಈಗ ಯೋಚಿಸುವುದಿಲ್ಲ. ಎಮ್ಮೆ ಮಾರುವವನು ಅದು ಒದೆಯುತ್ತದೆಂದು ಹೇಳಬೇಕು, ಮನೆ ಮಾರುವವನು ಮಾಡು ಸೋರುತ್ತದೆಂದು ಹೇಳಬೇಕು. ಪ್ರೆಸ್ಸು ಮಾರುವವರಲ್ಲಿ ಎಷ್ಟು ಮಂದಿ ಗಾಲಿಯ ಹೊಟ್ಟೆಯಲ್ಲಿರುವ ಕೀಯನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದು, ಇದೋ ಇಲ್ಲಿ, ಈ ಅಂಚಿಗೆ ಎರಡು ಸಲ ವೆಲ್ಡಿಂಗ್ ಆಗಿದೆ ಎಂದು ತೋರಿಸಿದ್ದಾರೆ? ಕೊಳ್ಳುವವನು ಮೋಟಾರಿನ ಸದ್ದು ಕೇಳುತ್ತಾನೆ, ಕಂಬದಲ್ಲಿ ಬಿರುಕಿದೆಯೇ ಎಂದು ತಟ್ಟಿ ನೋಡುತ್ತಾನೆ, ರೇಟಿನಲ್ಲಿ ಐದು ಸಾವಿರ ಬಿಡಿ ಎನ್ನುತ್ತಾನೆ. ಆ ವ್ಯಾಪಾರ ನಡೆಯುವ ಜಾಗದಲ್ಲಿ ಮೂರನೆಯವನೊಬ್ಬ ಇರುವುದಿಲ್ಲ. ಅವನು ಇನ್ನೂ ಊರಿನಿಂದ ಹೊರಟಿಲ್ಲ, ತುಮಕೂರಿನಲ್ಲಿ ತನಗೆ ಕೆಲಸ ಸಿಗುತ್ತದೆಂಬುದೂ ಅವನಿಗೆ ಇನ್ನೂ ಗೊತ್ತಿಲ್ಲ.